ಅಕ್ಕನ ಹಂದಿಗಳ ರಕ್ತ

ಜೀಪಿನ ಹಿಂದೆ ಐಸ್ ಪೆಟ್ಟಿಗೆ ಕಂಡರೆ ಸಾಕು, ಜನ "ಎಲ್ಲಿ ಸತ್ತಿದೆ?" ಎಂದು ಕೇಳುತ್ತಿದ್ದರು. ಮೂಡಿಗೆರೆಯಿಂದ ಕಳಸದ ಕಡೆಗೆ ಹೋಗುವ ದಾರಿಯಲ್ಲಿ ಟೀ ಅಂಗಡಿಯವರು, ಬಸ್ಸಿಗೆ ಕಾದವರು, ಎಸ್ಟೇಟಿನ ರೈಟರುಗಳು, ಎಲ್ಲರ ಪ್ರಶ್ನೆಯೂ ಅದೇ. ಅವರು ಕೇಳುತ್ತಿದ್ದುದು ಮಂಗನ ಬಗ್ಗೆ. ಈ ಬೆಟ್ಟಗಳಲ್ಲಿ ಜ್ವರ, ಪ್ರಾಣಿ, ರಕ್ತಪರೀಕ್ಷೆ ಎಂಬ ಮಾತುಗಳು ಒಟ್ಟಿಗೆ ಕಿವಿಗೆ ಬಿದ್ದರೆ ಜನರ ತಲೆಗೆ ಬರುವುದು ಮಂಗನ ಕಾಯಿಲೆ ಒಂದೇ. ಅದಕ್ಕೆ ಕಾರಣವಿದೆ. ಆ ಕಾಯಿಲೆಗೆ ಜನ ಸತ್ತಿದ್ದಾರೆ. ಅದನ್ನು ಹರಡುವ ಉಣುಗು ಕಾಡಿನ ತರಗೆಲೆಯಲ್ಲಿ ಕೂತಿರುತ್ತದೆ. ಆದರೆ ನಾವು ಉಣುಗು ಹುಡುಕಿಕೊಂಡು ಬಂದವರಲ್ಲ, ಸೊಳ್ಳೆ ಹುಡುಕಿಕೊಂಡು ಬಂದವರು. ಹಾಗೆಂದ ಕೂಡಲೇ ಕೇಳಿದವರ ಆಸಕ್ತಿ ಹೊರಟುಹೋಗುತ್ತಿತ್ತು. "ಸೊಳ್ಳೆಗಾ? ಸೊಳ್ಳೆ ಎಲ್ಲಿಲ್ಲ ಮಾರಾಯ್ರೆ, ಅದಕ್ಕೆ ಜೀಪ್ ಬೇಕಾ?" ಎಂದು ಒಬ್ಬರು ಕೇಳಿದ್ದರು.

ನಾನು ಚಿಕ್ಕಮಗಳೂರಿನಲ್ಲಿ ಬಹಳ ವರ್ಷ ಪತ್ರಿಕೆಯ ವರದಿಗಾರನಾಗಿದ್ದವನು. ಆ ಕೆಲಸ ಬಿಟ್ಟ ಮೇಲೆ ಪಶುವೈದ್ಯೆಯೊಬ್ಬರು ನಡೆಸುತ್ತಿದ್ದ ಅಧ್ಯಯನಕ್ಕೆ ಸೇರಿಕೊಂಡೆ. ಸೊಳ್ಳೆಗಳು ಹೊತ್ತು ತಿರುಗುವ ವೈರಸ್‌ಗಳು ಪ್ರಾಣಿಗಳಿಂದ ಮನುಷ್ಯರಿಗೆ ಯಾವ ತಿಂಗಳಲ್ಲಿ, ಯಾವ ಜಾಗದಲ್ಲಿ, ಹೇಗೆ ದಾಟುತ್ತವೆ ಎಂದು ನೋಡುವುದು ಅದರ ಉದ್ದೇಶ. ಡಾಕ್ಟರಿಗೆ ಪ್ರಾಣಿಗಳು ಗೊತ್ತಿದ್ದವು, ಊರು ಗೊತ್ತಿರಲಿಲ್ಲ. ನನಗೆ ಊರುಗಳು ಗೊತ್ತಿದ್ದವು. ಯಾರಿಗೆ ಯಾವಾಗ ಜ್ವರ ಬಂತು, ದನ ಎಷ್ಟಿವೆ, ಹಂದಿ ಸಾಕಿದ್ದೀರಾ, ಗದ್ದೆಯಲ್ಲಿ ನೀರು ಯಾವಾಗ ನಿಲ್ಲಿಸುತ್ತೀರಿ ಎಂದು ಮನೆಮನೆಯಲ್ಲಿ ಕೇಳಿ ಬರೆದುಕೊಳ್ಳುವುದು ನನ್ನ ಕೆಲಸ. ಕಂಡದ್ದನ್ನು ಕಂಡಷ್ಟೇ ಬರೆಯಬೇಕು, ತಿಳಿಯದ್ದನ್ನು ತಿಳಿಯದು ಎಂದೇ ಬಿಡಬೇಕು. ಪತ್ರಿಕೆಯಲ್ಲಿ ನನಗೆ ಕಲಿಸಿದ್ದೂ ಅದನ್ನೇ. ಊರಿನವರು ಮಾತ್ರ ನನ್ನನ್ನು ಕೊನೆಯವರೆಗೂ 'ಪೇಪರ್‌ನವ್ರು' ಎಂದೇ ಕರೆದರು.

ಇಲ್ಲಿ ಹೇಳಹೊರಟಿರುವುದು ಒಂದೇ ಊರಿನ ಸಂಗತಿ. ಡಾಂಬರು ರಸ್ತೆ ಬಿಟ್ಟು ಕೆಳಕ್ಕೆ ಇಳಿದರೆ ಎರಡೂ ಕಡೆ ಇಳಿಜಾರಿನಲ್ಲಿ ಕಾಫಿ, ನಡುವಿನ ತಗ್ಗಿನಲ್ಲಿ ಉದ್ದಕ್ಕೆ ಗದ್ದೆ. ಬಹಳ ಊರುಗಳಲ್ಲಿ ಗದ್ದೆ ಬಿಟ್ಟುಬಿಟ್ಟಿದ್ದಾರೆ. ಈ ಊರಿನವರು ಬಿಟ್ಟಿರಲಿಲ್ಲ. ಮಳೆ ಹಿಡಿದ ಮೇಲೆ ಗದ್ದೆಯಲ್ಲಿ ಬೆಳ್ಳಕ್ಕಿಗಳು ಇಳಿಯುತ್ತವೆ, ಗದ್ದೆಯ ಅಂಚಿನ ಮನೆಯ ಹಿಂದೆ ಹಂದಿಗಳಿವೆ, ನಿಂತ ನೀರಿನಲ್ಲಿ ಸೊಳ್ಳೆ ಹುಟ್ಟುತ್ತದೆ. ಮೆದುಳು ಜ್ವರ ತರುವ ವೈರಸ್‌ಗೆ ಬೇಕಾದದ್ದು ಇಷ್ಟೆ. ಹಕ್ಕಿಯ ರಕ್ತದಿಂದ ಸೊಳ್ಳೆಗೆ, ಸೊಳ್ಳೆಯಿಂದ ಹಂದಿಗೆ, ಹಂದಿಯಲ್ಲಿ ಕೆಲವು ದಿನ ಹೇರಳವಾಗಿ ಬೆಳೆದು ಮತ್ತೆ ಸೊಳ್ಳೆಗೆ. ಆ ಸೊಳ್ಳೆ ಮನುಷ್ಯನನ್ನು ಕಚ್ಚಿದರೆ ಅದರ ಪಯಣ ಅಲ್ಲಿಗೆ ಮುಗಿಯುತ್ತದೆ. ಮನುಷ್ಯನಿಂದ ಮನುಷ್ಯನಿಗೆ ಅದು ಹೋಗುವುದಿಲ್ಲ. ಕಚ್ಚಿಸಿಕೊಂಡ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಎಲ್ಲೋ ಒಬ್ಬರಿಗೆ ಮಾತ್ರ ಅದು ಮೆದುಳಿಗೆ ಏರುತ್ತದೆ.

ಆ ಗದ್ದೆಯಂಚಿನ ಮನೆಯ ಹೆಂಗಸನ್ನು ಊರೆಲ್ಲ ಅಕ್ಕ ಎನ್ನುತ್ತಿತ್ತು, ನಾವೂ ಹಾಗೇ ಕರೆದೆವು. ಗಂಡ ತೀರಿಕೊಂಡಿದ್ದರು. ಒಂದು ತುಂಡು ಕಾಫಿ ತೋಟ, ಆ ತಗ್ಗಿನಲ್ಲಿ ಒಂದಿಷ್ಟು ಗದ್ದೆ, ಮತ್ತು ಹಂದಿ. ತೋಟ ಮನೆಯ ಖರ್ಚಿನ ಅರ್ಧಕ್ಕೂ ಸಾಲುತ್ತಿರಲಿಲ್ಲ, ಅವರು ಬದುಕುತ್ತಿದ್ದುದು ಹಂದಿಗಳಿಂದ. ಈ ಕಡೆ ಯಾರ ಮನೆಯಲ್ಲಿ ನೆಂಟರೂಟವಿದ್ದರೂ ಕಡುಬಿನ ಜೊತೆ ಹಂದಿ ಮಾಂಸ ಆಗಲೇಬೇಕು. ಸುತ್ತಲಿನ ಊರುಗಳಿಗೆ ಅಕ್ಕನ ಹಂದಿ ಎಂದರೆ ಹೆಸರು. ಹೋಟೆಲಿನ ಎಂಜಲು ತಿನ್ನಿಸಿದ್ದಲ್ಲ, ಮನೆಯ ಕಲಗಚ್ಚು, ಹಲಸಿನ ಹಣ್ಣು, ಕೆಸುವಿನ ಗೆಡ್ಡೆ ತಿಂದು ಬೆಳೆದದ್ದು ಎಂದು ತಿಂಗಳ ಮೊದಲೇ ಹೇಳಿಟ್ಟುಕೊಳ್ಳುತ್ತಿದ್ದರು.

ನಾವು ಮೊದಲ ಸಲ ಅವರ ಕೊಟ್ಟಿಗೆಯಲ್ಲಿ ಸಂಜೆ ಸೊಳ್ಳೆಯ ಬಲೆ ತೂಗುಹಾಕಿದಾಗ ಅಕ್ಕ ಪಕ್ಕದಲ್ಲೇ ನಿಂತು ನೋಡಿದರು. ಒಂದು ಸಣ್ಣ ಬಲ್ಬು, ಅದರ ಕೆಳಗೆ ಫ್ಯಾನು, ಕೆಳಗೊಂದು ಬಟ್ಟೆಯ ಚೀಲ. ಸೊಳ್ಳೆಯನ್ನು ಕರೆಯಲು ಪ್ರಾಣಿಯ ಉಸಿರಿನಂಥ ಗಾಳಿ ಬೇಕು. ಅದಕ್ಕೆ ಬೇಕಾದ ಡ್ರೈ ಐಸ್ ಮಂಗಳೂರಿನಿಂದ ಘಾಟಿ ಹತ್ತುವಷ್ಟರಲ್ಲಿ ಅರ್ಧ ಆವಿಯಾಗುತ್ತಿದ್ದುದರಿಂದ ಡಾಕ್ಟರು ಬಾಟಲಿಯಲ್ಲಿ ಬೆಲ್ಲದ ನೀರು, ಯೀಸ್ಟ್ ಹಾಕಿ ಹುಳಿ ಬರಿಸುತ್ತಿದ್ದರು. ಕೊಟ್ಟಿಗೆಯೆಲ್ಲ ಹೆಂಡದಂಗಡಿಯ ವಾಸನೆ. "ಡಾಕ್ಟ್ರಮ್ಮ, ಸೊಳ್ಳೆಗೆ ಕುಡ್ಸಿ ಹಿಡೀತೀರಾ? ನಮ್ಮೂರ ಗಂಡಸ್ರನ್ನೂ ಹಂಗೇ ಹಿಡೀಬೌದು" ಎಂದರು ಅಕ್ಕ. ಬೆಳಿಗ್ಗೆ ಚೀಲ ಬಿಚ್ಚಿದಾಗ ಗದ್ದೆಯ ಸೊಳ್ಳೆಗಳು ಒಂದರ ಮೇಲೊಂದು ಬಿದ್ದಿದ್ದವು. ಆ ಸುತ್ತಿನಲ್ಲಿ ಬೇರೆ ಯಾವ ಮನೆಯಲ್ಲೂ ಅಷ್ಟು ಸಿಕ್ಕಿರಲಿಲ್ಲ. ಅದನ್ನು ಹೇಳಿದಾಗ ಅಕ್ಕನಿಗೆ ಬೇಜಾರೇನೂ ಆಗಲಿಲ್ಲ, ಒಂದು ಬಗೆಯ ಹೆಮ್ಮೆಯೇ ಆಯಿತು.

ಹಂದಿಯ ರಕ್ತ ತೆಗೆಯುವುದು ಸುಲಭದ ಕೆಲಸವಲ್ಲ. ಮೇಲ್ದವಡೆಗೆ ಹಗ್ಗದ ಕುಣಿಕೆ ಹಾಕಿ ಹಿಡಿದುಕೊಂಡರೆ ಅದು ಅಲುಗಾಡದೆ ನಿಲ್ಲುತ್ತದೆ, ಆದರೆ ಅದರ ಕಿರುಚಾಟ ಆಚೆ ಗುಡ್ಡಕ್ಕೆ ಕೇಳಿಸುತ್ತದೆ. ಅಕ್ಕ ಕುಣಿಕೆಗೆ ಮೊದಮೊದಲು ಒಪ್ಪಲಿಲ್ಲ. ಒಪ್ಪಿದ ಮೇಲೂ ಹಗ್ಗವನ್ನು ತಾವೇ ಹಿಡಿದರು, ಬೇರೆಯವರ ಕೈಗೆ ಕೊಡಲಿಲ್ಲ. ಡಾಕ್ಟರು ಕುತ್ತಿಗೆಯ ಕೆಳಗೆ ಸೂಜಿ ಇಳಿಸಿ ರಕ್ತ ತುಂಬಿಸಿಕೊಳ್ಳುವವರೆಗೆ ಅಕ್ಕ ಹಂದಿಗೆ ಬೈಯುತ್ತ, ನಮಗೂ ಬೈಯುತ್ತ ಇರುತ್ತಿದ್ದರು. ಮರಿಗಳ ಬಗ್ಗೆ ಡಾಕ್ಟರು ಕೇಳಿದಾಗ, ಹಿಂದಿನ ವರ್ಷ ದೊಡ್ಡ ಹೆಣ್ಣು ಹಂದಿ ಸತ್ತ ಮರಿಗಳನ್ನೇ ಹಾಕಿತು, ಕೆಲವು ಕಪ್ಪಗೆ ಒಣಗಿದ ಹಾಗಿದ್ದವು, ಯಾರದೋ ಕಣ್ಣು ಬಿದ್ದಿರಬೇಕು ಎಂದರು. ಡಾಕ್ಟರು ನನ್ನ ಕಡೆ ನೋಡಿದರು. ನಾನು ಬರೆದುಕೊಂಡೆ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಫಲಿತಾಂಶ ಬಂತು. ಅಕ್ಕನ ದೊಡ್ಡ ಹಂದಿಗಳೆಲ್ಲಕ್ಕೂ ಮೆದುಳು ಜ್ವರದ ವೈರಸ್ ಹಿಂದೊಮ್ಮೆ ತಗಲಿ ಹೋಗಿತ್ತು. ರಕ್ತದಲ್ಲಿ ಅದರ ವಿರುದ್ಧದ ಪ್ರತಿಕಾಯಗಳಿದ್ದವು. ಅರ್ಥ ಏನೆಂದರೆ, ವೈರಸ್ ಬಂದು ಹೋಗಿದೆ, ಇನ್ನು ಆ ಹಂದಿಗಳು ಅದನ್ನು ಹರಡಲಾರವು. ಪ್ರಾಣಿಯ ಒಡೆಯರಿಗೆ ಮೊದಲು ತಿಳಿಸುವುದು ನಮ್ಮ ನಿಯಮ. ಡಾಕ್ಟರು ಜಗಲಿಯಲ್ಲಿ ಕೂತು ನಿಧಾನವಾಗಿ ಹೇಳಿದರು. ಹಿಂದಿನ ವರ್ಷದ ಸತ್ತ ಮರಿಗಳಿಗೂ ಬಹುಶಃ ಇದೇ ಕಾರಣ ಎಂದರು. ಅಕ್ಕ ಪೂರ್ತಿ ಕೇಳಿಸಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಅವರ ಮನಸ್ಸಿನಲ್ಲಿ ನಿಂತದ್ದು, ಮಾದರಿಗಳನ್ನು ಬೆಂಗಳೂರಿಗೆ ಕಳಿಸಿದ್ದೆವು ಎಂಬ ಒಂದು ಮಾತು. ಮರುದಿನದಿಂದ ಹಾಲಿನ ಡೈರಿಯಲ್ಲಿ, ಬಸ್ ನಿಲ್ದಾಣದಲ್ಲಿ ಅವರು ಹೇಳಿಕೊಂಡು ಬಂದರು: "ನನ್ನ ಹಂದಿ ರಕ್ತ ಬೆಂಗಳೂರು ನೋಡ್ಕೊಂಡು ಬಂತು. ನಾನು ಹಾಸನ ದಾಟ್ಲಿಲ್ಲ." ರಕ್ತದಲ್ಲಿ ಕಾಯಿಲೆಯ ಗುರುತು ಸಿಕ್ಕಿದೆ ಎಂಬ ಸುದ್ದಿಯನ್ನು ಊರಿಗೆ ಹಂಚಿದವರು ಅವರೇ.

ಇದಾಗಿ ಸ್ವಲ್ಪ ದಿನಕ್ಕೆ ಗೌಡರ ಮೊಮ್ಮಗಳಿಗೆ ಜ್ವರ ಬಂತು. ಗೌಡರು ಊರಿನ ಹಿರಿಯರು, ಆ ಭಾಗದ ಬೆಳೆಗಾರರ ಸಂಘದ ಮುಖ್ಯಸ್ಥರು, ಅಕ್ಕನ ಗಂಡನ ದೊಡ್ಡಪ್ಪನ ಮಗ. ಅಕ್ಕನಿಗೆ ಭಾವ. ಗದ್ದೆಯ ಆಚೆ ದಡದ ದೊಡ್ಡ ಮನೆ ಅವರದು. ಮೊಮ್ಮಗಳು ಏಳನೇ ತರಗತಿಯ ಹುಡುಗಿ.

ಆ ಮನೆಯಲ್ಲಿ ಏನಾಯಿತೆಂದು ನಾನು ಆಮೇಲೆ ಹುಡುಗಿಯ ತಾಯಿಯಿಂದ, ಗೌಡರಿಂದ ಬೇರೆ ಬೇರೆಯಾಗಿ ಕೇಳಿ ತಿಳಿದೆ. ಇಬ್ಬರ ಮಾತೂ ಹೊಂದುತ್ತಿದ್ದುದರಿಂದ ಬರೆಯುತ್ತಿದ್ದೇನೆ. ಹುಡುಗಿ ಬಸ್ಸು ಹಿಡಿಯಲು ಕಾಡಿನ ಅಂಚಿನಲ್ಲಿ ನಡೆದು ಹೋಗಬೇಕು. ಹಾಗಾಗಿ ಮಂಗನ ಕಾಯಿಲೆಯ ಕಾಲವಿರಲಿ ಇಲ್ಲದಿರಲಿ, ತಾಯಿ ದಿನವೂ ಬೆಳಿಗ್ಗೆ ಅವಳ ಕೈಕಾಲಿಗೆ ಉಣುಗು ಹತ್ತದ ಎಣ್ಣೆ ಹಚ್ಚುತ್ತಿದ್ದರು. ಸಂಜೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಹುಡುಗಿ ಬಚ್ಚಲಿಗೆ. ಮೈಯುಜ್ಜಿ ಸ್ನಾನ ಮಾಡಿಸಿ, ಉಣುಗು ಕಚ್ಚಿದೆಯೇ ಎಂದು ತಾಯಿಯೇ ನೋಡುತ್ತಿದ್ದರು. ಆರೋಗ್ಯ ಇಲಾಖೆಯ ಕರಪತ್ರದಲ್ಲಿ ಹೇಳಿದ್ದರಲ್ಲಿ ಒಂದನ್ನೂ ತಪ್ಪಿಸಿರಲಿಲ್ಲ. ಎಣ್ಣೆಯೆಲ್ಲ ತೊಳೆದುಹೋದ ಮೇಲೆ ಹುಡುಗಿ ತೋಳಿಲ್ಲದ ಅಂಗಿ ಹಾಕಿಕೊಂಡು ಗದ್ದೆಯ ಕಡೆಯ ಜಗಲಿಯಲ್ಲಿ ಓದಲು ಕೂರುತ್ತಿದ್ದಳು. ಗದ್ದೆಯ ಸೊಳ್ಳೆ ಏಳುವುದು ಅದೇ ಹೊತ್ತಿಗೆ. ಈ ಬೆಟ್ಟಗಳ ಮನೆಮನೆಯಲ್ಲೂ ನಾನು ಅದನ್ನು ಕಂಡಿದ್ದೇನೆ. ಒಂದು ಹುಳುವಿಗೆ ಇಷ್ಟು ಶಿಸ್ತಿನಿಂದ ಹೆದರಿದವರು ಇನ್ನೊಂದರ ಕಡೆ ನೋಡುವುದೇ ಇಲ್ಲ.

ಜ್ವರ ಬಂದಾಗಲೂ ಅದೇ ಆಯಿತು. ಮನೆಯವರು ಆಸ್ಪತ್ರೆಗೆ ಹೋದವರೇ ಮಂಗನ ಕಾಯಿಲೆಯ ಪರೀಕ್ಷೆ ಮಾಡಿಸಿ ಎಂದು ಹಟ ಹಿಡಿದರು. ಅದು ಇಲ್ಲ ಎಂದು ವರದಿ ಬಂತು. ನೆಗೆಟಿವ್ ಎಂಬ ಮಾತು ಕೇಳಿ ಮನೆಯಲ್ಲಿ ದೇವರಿಗೆ ದೀಪ ಹಚ್ಚಿದರು. ಇನ್ನೂ ಎರಡು ದಿನ ಇರಲಿ, ಬೇರೆ ಪರೀಕ್ಷೆಗಳನ್ನು ನೋಡೋಣ ಎಂದು ವೈದ್ಯರು ಹೇಳಿದರೂ ಕೇಳದೆ ಗೌಡರು ಮೊಮ್ಮಗಳನ್ನು ಮನೆಗೆ ಕರೆತಂದರು. ಮಂಗನ ಕಾಯಿಲೆ ಅಲ್ಲವೆಂದ ಮೇಲೆ ಮಾಮೂಲಿ ಜ್ವರ, ಕಷಾಯಕ್ಕೆ ಇಳಿಯುತ್ತದೆ ಎಂದು ಅವರ ಲೆಕ್ಕ. ಮಾರನೆಯ ದಿನ ಹುಡುಗಿಗೆ ಫಿಟ್ಸ್ ಬಂತು. ಘಾಟಿ ಇಳಿಸಿ ಮಂಗಳೂರಿಗೆ ಒಯ್ದರು. ಅಲ್ಲಿ ಮೆದುಳು ಜ್ವರ ಎಂದು ಗೊತ್ತಾಯಿತು. ಅದಕ್ಕೆ ಲಸಿಕೆ ಇದೆ. ಅವಳಿಗೆ ಆಗಿರಲಿಲ್ಲ.

ಹುಡುಗಿ ಬದುಕಿದಳು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಆ ಸಮಯದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ, ಮತ್ತು ಊರು ಕಾಯುವ ಸ್ಥಿತಿಯಲ್ಲಿರಲಿಲ್ಲ. ಅಕ್ಕನ ಹಂದಿಯ ರಕ್ತದಲ್ಲಿ ಸಿಕ್ಕಿದ್ದು ಇದೇ ಕಾಯಿಲೆ ಎಂದು ಒಬ್ಬರಿಂದೊಬ್ಬರಿಗೆ ಹೋಯಿತು. ನನ್ನ ಹಳೆಯ ಪತ್ರಿಕೆಯ ಯುವ ವರದಿಗಾರ ಫೋನ್ ಮಾಡಿ ಹೌದಾ ಎಂದು ಕೇಳಿದ. ಸಿಕ್ಕಿರುವುದು ವೈರಸ್ ಅಲ್ಲ, ಅದು ಹಿಂದೆ ಬಂದುಹೋದ ಗುರುತು, ಹುಡುಗಿಗೆ ಎಲ್ಲಿಂದ ತಗಲಿತು ಎಂದು ಯಾರೂ ಹೇಳಲಾರರು ಎಂದೆ. ಡಾಕ್ಟರ ಜೊತೆ ಮಾತಾಡದೆ ಬರೆಯಬೇಡ ಎಂದೂ ಹೇಳಿದೆ. ಆತ ಹೂಂಗುಟ್ಟಿದ. ಮರುದಿನದ ತಲೆಬರಹ 'ಬಾಲಕಿಗೆ ಮೆದುಳು ಜ್ವರ: ಗ್ರಾಮದ ಹಂದಿಗಳಲ್ಲಿ ಸೋಂಕು ಪತ್ತೆ' ಎಂದಿತ್ತು. ಬಿಡಿಬಿಡಿಯಾಗಿ ನೋಡಿದರೆ ಒಂದು ಪದವೂ ಸುಳ್ಳಲ್ಲ. ಎರಡನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರಿಂದ ಇಡೀ ಸಾಲೇ ಸುಳ್ಳು. ನಾನು ಸಂಪಾದಕೀಯ ವಿಭಾಗಕ್ಕೆ ಫೋನ್ ಮಾಡಿ ಹಾಗೆಂದೇ ಹೇಳಿದೆ. ತಿದ್ದುಪಡಿ ಹಾಕುತ್ತೇವೆ ಎಂದರು. ಹಾಕಲಿಲ್ಲ. ನಾನು ವಾರವಿಡೀ ದಿನವೂ ಫೋನ್ ಮಾಡಿದೆ. ಕೊನೆಗೆ ಒಳಪುಟದಲ್ಲಿ, ಸಂತೆಯ ಧಾರಣೆಯ ಕೆಳಗೆ, ಮೂರು ಸಾಲು ಬಂತು.

ಅಷ್ಟರಲ್ಲಿ ಸಮುದಾಯ ಭವನದಲ್ಲಿ ಸಭೆ ಸೇರಿತ್ತು. ನಮ್ಮನ್ನೂ ಕರೆದಿದ್ದರು. ಕಾಫಿ ಕೊಯ್ಲು ಹತ್ತಿರವಾಗಿತ್ತು, ಅದು ಎಲ್ಲರ ತಲೆಯಲ್ಲಿತ್ತು. ಊರಲ್ಲಿ ಜ್ವರ ಎಂದು ಸುದ್ದಿಯಾದರೆ ಕೊಯ್ಲಿಗೆ ಹೊರಗಿನ ಆಳುಗಳು ಬರುವುದಿಲ್ಲ, ಹಣ್ಣು ಗಿಡದಲ್ಲೇ ಒಣಗುತ್ತದೆ. ಹಾಗಾಗಿ ಸಭೆ ಶುರುವಾಗುವ ಮೊದಲೇ ತೀರ್ಮಾನ ಆಗಿತ್ತು: ಕೊಯ್ಲು ಶುರುವಾಗುವುದರೊಳಗೆ ಅಕ್ಕನ ಹಂದಿಗಳು ಊರು ಬಿಡಬೇಕು.

ಡಾಕ್ಟರು ಎದ್ದು ನಿಂತು ತಮಗೆ ತಿಳಿದದ್ದನ್ನು ಹೇಳಿದರು. ದೊಡ್ಡ ಹಂದಿಗಳಿಗೆ ಬಂದು ಹೋಗಿದೆ, ಅವುಗಳಿಂದ ಈಗ ಅಪಾಯವಿಲ್ಲ. ಅವನ್ನು ಮಾರಿ ಮುಂದಿನ ಮಳೆಗಾಲಕ್ಕೆ ಅಕ್ಕನೋ ಇನ್ನೊಬ್ಬರೋ ಹೊಸ ಮರಿ ತಂದರೆ, ಎಂದೂ ಈ ವೈರಸ್ ಕಾಣದ ಆ ಮರಿಗಳಲ್ಲಿ ಅದು ಮೊದಲಿನಿಂದ ಬೆಳೆಯುತ್ತದೆ. ಮಾಡಬೇಕಾದದ್ದು ಮಕ್ಕಳಿಗೆ ಲಸಿಕೆ ಹಾಕಿಸುವುದು, ಮುಸ್ಸಂಜೆ ಮೈ ಮುಚ್ಚಿಕೊಳ್ಳುವುದು, ಹಂದಿಗೂಡನ್ನು ಗದ್ದೆಯಿಂದ ಮೇಲಕ್ಕೆ ಸಾಗಿಸುವುದು, ಮಳೆಗಾಲದಲ್ಲಿ ಮರಿ ತರದಿರುವುದು. ಅವರ ಮಾತನ್ನು ಯಾರೂ ತಡೆಯಲಿಲ್ಲ. ಯಾರೂ ಕೇಳಿಸಿಕೊಳ್ಳಲೂ ಇಲ್ಲ. ಹಿಂದಿನ ಸಾಲಿನಿಂದ ಒಬ್ಬರು, ಹಾಗಾದರೆ ಹಂದಿಯಿಂದ ಬರುವುದೇ ಇಲ್ಲ ಎನ್ನುತ್ತೀರಾ ಎಂದು ಕೇಳಿದರು. ಡಾಕ್ಟರು ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಹಂದಿಯಲ್ಲಿ ಅದು ಬೆಳೆಯುತ್ತದೆ, ಅಕ್ಕನ ಗೂಡಿನಲ್ಲಿರುವ ಈ ವರ್ಷದ ಮರಿಗಳಲ್ಲೂ ಬೆಳೆದಿರಬಹುದು ಎಂದರು. ಅಕ್ಕ ತಿರುಗಿ ಅವರನ್ನು ನೋಡಿದ ರೀತಿ ನನಗೆ ಈಗಲೂ ನೆನಪಿದೆ.

ಗೌಡರು ಮಂಗಳೂರಿನಿಂದ ಆ ದಿನವೇ ಬಂದಿದ್ದರು. ದಾಡಿ ಮಾಡಿಕೊಂಡಿರಲಿಲ್ಲ. "ಮಗು ನನ್ನನ್ನ ಯಾರು ಅಂತ ಕೇಳಿದ್ಲು ಡಾಕ್ಟ್ರೇ" ಎಂದರು. "ನೀವು ಹೇಳಿದ್ದೆಲ್ಲ ಸರಿ ಇರ್ಬೌದು. ನಂಗೆ ಪಾಠ ಬೇಡ. ಹಂದಿ ಹೋಗ್ಬೇಕು."

ಅಂಥ ಮಾತಿಗೆ ಎದುರು ಮಾತು ಯಾರ ಹತ್ತಿರವೂ ಇರುವುದಿಲ್ಲ. ಅಕ್ಕನ ಹತ್ತಿರ ಇತ್ತು.

"ಆ ಮಗು ನಿಮಗೊಬ್ರಿಗೇ ಮೊಮ್ಮಗಳಲ್ಲ ಭಾವ" ಎಂದರು. "ನಾನೂ ಹರಕೆ ಹೊತ್ತಿದ್ದೀನಿ. ಆದ್ರೆ ಒಂದು ಹೇಳಿ. ಹೋದ ವರ್ಷ ನನ್ನ ಹಂದಿ ಸತ್ತ ಮರಿ ಹಾಕ್ತು. ಅದೂ ಇದೇ ಕಾಯಿಲೆಯಂತೆ. ಆಗ ಯಾರು ಮೀಟಿಂಗ್ ಕರೆದ್ರಿ? ಹಬ್ಬಕ್ಕೆ ಮಾಂಸ ಸಿಗಲ್ಲ ಅಂತ ಮುಖ ಸಣ್ಣ ಮಾಡ್ಕೊಂಡ್ರಿ, ಅಷ್ಟೇ. ಬೆಳ್ಳಕ್ಕಿಯಿಂದ್ಲೂ ಬರತ್ತಂತೆ. ಬೆಳ್ಳಕ್ಕಿ ಹಿಡ್ಸಿ ಸಾಗಿಸ್ತೀರಾ? ಗದ್ದೆ ನೀರಲ್ಲಿ ಸೊಳ್ಳೆ ಆಗತ್ತಂತೆ. ನಿಮ್ಮ ಗದ್ದೆ ಮುಚ್ಚಿಸ್ತೀರಾ? ಅದು ಯಾವ್ದೂ ಆಗಲ್ಲ. ಹಂಗಾಗಿ ನನ್ನ ಹಂದಿ."

ಒಬ್ಬರು, ಭಾವನ ಎದುರು ಹೀಗೆ ಮಾತಾಡುವುದು ಸರಿಯಲ್ಲ ಎಂದರು. ಅಕ್ಕ ಅವರ ಕಡೆ ತಿರುಗಿ, ನಿಮ್ಮ ಮನೆಯ ನಾಮಕರಣಕ್ಕೆ ಹೇಳಿಟ್ಟ ಹಂದಿ ಇನ್ನೂ ಗೂಡಿನಲ್ಲೇ ಇದೆ, ಅದನ್ನೂ ಓಡಿಸಬೇಕೋ, ತಿಂದು ಮುಗಿಸಿದ ಮೇಲೆ ಓಡಿಸಬೇಕೋ ಎಂದು ಕೇಳಿದರು. ಯಾರೋ ನಕ್ಕರು, ಕೂಡಲೇ ಕೆಮ್ಮಿದರು. ಅಕ್ಕ ಹೊರಗೆ ಹೋದ ಮೇಲೆ ತೀರ್ಮಾನವನ್ನು ಸಂಘದ ಪುಸ್ತಕದಲ್ಲಿ ಬರೆದು ಎಲ್ಲರೂ ಸಹಿ ಹಾಕಿದರು. ಡಾಕ್ಟರ ಸಹಿಯನ್ನೂ ಕೇಳಿದರು, ತಜ್ಞರ ಸಲಹೆಯ ಮೇರೆಗೆ ಎಂದು ಸೇರಿಸಬೇಕಿತ್ತಂತೆ. ತಾವು ಅಂಥ ಸಲಹೆ ಕೊಟ್ಟಿಲ್ಲ ಎಂದು ಡಾಕ್ಟರು ಪೆನ್ನು ಮುಟ್ಟಲಿಲ್ಲ. ಹಾಗಿದ್ದರೆ ನಿಮ್ಮ ಜೀಪು ಈ ಊರಿಗೆ ಬರುವುದು ಬೇಡ ಎಂದು ಒಬ್ಬರು ಹೇಳಿದರು. ಅಕ್ಕ ಬರಬೇಡಿ ಎನ್ನುವವರೆಗೂ ಬರುತ್ತೇವೆ ಎಂದು ಡಾಕ್ಟರು ಹೇಳಿದರು. ಅವರ ದನಿ ಏರಲಿಲ್ಲ.

ಅಕ್ಕ ಬರಬೇಡಿ ಎನ್ನುವ ಹಾಗೇ ಇತ್ತು. ಭವನದ ಹೊರಗೆ ನಮಗೆ ಕಾಯುತ್ತ ನಿಂತಿದ್ದರು. "ಮರಿಗಳಲ್ಲೂ ಬೆಳೆದಿರ್ಬೌದು ಅಂತ ಎಂತಕ್ಕೆ ಹೇಳಿದ್ರಿ? ನೀವೂ ಅವ್ರ ಕಡೇನಾ?" ಎಂದರು. ಡಾಕ್ಟರು, ಇರುವುದನ್ನು ಹೇಳಿದೆ ಅಕ್ಕ, ನಾಳೆ ನಿಮ್ಮ ಪರವಾಗಿ ಒಂದು ಮಾತು ಹೇಳಿದರೆ ಅದನ್ನು ನಂಬಬೇಕಲ್ಲ ಎಂದರು. ಗೂಡಿಗೆ ಸೊಳ್ಳೆ ಪರದೆ ಕಟ್ಟಿ ಎಂದೂ ಅಲ್ಲೇ ಹೇಳಿದರು. "ಪರದೆ ಹಂದಿಗಾ? ನಂಗೇ ಇಲ್ಲ" ಎಂದು ಅಕ್ಕ ಹೊರಟುಹೋದರು. ಅವರು ನಮ್ಮನ್ನು ಇನ್ನು ಒಳಗೆ ಬಿಡುವುದಿಲ್ಲ ಎಂದೇ ನಾವು ಹಿಂತಿರುಗುವಾಗ ಮಾತಾಡಿಕೊಂಡೆವು.

ಮುಂದಿನ ಸಲ ರಕ್ತ ತೆಗೆಯುವ ದಿನ ನಾವು ಹೋದಾಗ ಅಕ್ಕನ ಅಂಗಳದಲ್ಲಿ ಒಂದು ಪಿಕಪ್ ನಿಂತಿತ್ತು. ಹಂದಿ ವ್ಯಾಪಾರಿಯೊಬ್ಬನನ್ನು ಗೌಡರು ಬಯಲುಸೀಮೆಯ ಕಡೆಯಿಂದ ಕರೆಸಿದ್ದರು. ಗೌಡರೂ ಅಂಗಳದಲ್ಲಿದ್ದರು, ಸಂಘದ ಇನ್ನಿಬ್ಬರೂ ಇದ್ದರು. ಅಕ್ಕ ಗೂಡಿನ ಬಾಗಿಲಿಗೆ ಅಡ್ಡವಾಗಿ ಒರಳುಕಲ್ಲಿನ ಮೇಲೆ ಕೂತಿದ್ದರು. ಮಾತು ಮುಗಿದು ಎಷ್ಟೋ ಹೊತ್ತಾದ ಹಾಗಿತ್ತು. ನಮ್ಮನ್ನು ಕಂಡ ಕೂಡಲೇ ಅವರು ಎದ್ದರು.

"ಬನ್ನಿ ಡಾಕ್ಟ್ರಮ್ಮ. ಇವತ್ತು ನಿಮ್ಮ ದಿನ. ಮೊದ್ಲು ರಕ್ತ ತೆಗೀರಿ, ಆಮೇಲೆ ಯಾರೇನ್ ಮಾಡ್ತಾರೋ ನೋಡಾಣ."

ಡಾಕ್ಟರು ಗೌಡರ ಕಡೆ ನೋಡಿದರು. ಗೌಡರು ಪಕ್ಕಕ್ಕೆ ಸರಿದರು. ನಾವು ಕೈಗವಸು ಹಾಕಿಕೊಂಡು ಒಳಗೆ ಹೋದೆವು. ಅಕ್ಕ ಎಂದಿನಂತೆ ಕುಣಿಕೆ ಹಿಡಿದರು. ಹಂದಿ ಎಂದಿನಂತೆ ಊರಿಗೆಲ್ಲ ಕೇಳುವಂತೆ ಕಿರುಚಿತು. ವ್ಯಾಪಾರಿ ಗೂಡಿನ ಹತ್ತಿರ ಬಂದು ಇಣುಕಿ ನೋಡಿದ. ಬಿಳಿ ಕೋಟು, ಸೂಜಿ, ಐಸ್ ಪೆಟ್ಟಿಗೆ. ಏನು ಚುಚ್ಚುತ್ತಿದ್ದೀರಿ ಎಂದು ಕೇಳಿದ. ಡಾಕ್ಟರು, ಏನೂ ಚುಚ್ಚುತ್ತಿಲ್ಲ, ರಕ್ತ ಮಾತ್ರ ತೆಗೆಯುತ್ತಿದ್ದೇವೆ, ಈ ಹಂದಿಗಳಿಗೆ ಔಷಧಿ ಕೊಟ್ಟಿಲ್ಲ, ಇವುಗಳ ಮಾಂಸಕ್ಕೆ ಏನೂ ಆಗಿಲ್ಲ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಿಜ ಹೇಳುವುದಕ್ಕೆ ಅದಕ್ಕಿಂತ ಕೆಟ್ಟ ಗಳಿಗೆ ಇರಲಾರದು. ಆತ ನಂಬಿದ್ದರೆ ಹಂದಿಗಳು ಆಗಲೇ ಪಿಕಪ್ ಹತ್ತುತ್ತಿದ್ದವು, ನಂಬಲಿಲ್ಲ. "ಇಂಜೆಕ್ಷನ್ ಹಂದಿ ನಾ ಒಯ್ಯಲ್ಲ ಗೌಡ್ರೇ. ಪೇಪರಲ್ಲಿ ಬೇರೆ ಬಂದದೆ. ನಮ್ ಕಡೆ ಗೊತ್ತಾದ್ರೆ ನನ್ ಅಂಗಡಿಗೆ ಯಾರೂ ಕಾಲಿಡಲ್ಲ" ಎಂದು ಪಿಕಪ್ ಹತ್ತಿದ. ಆ ತಲೆಬರಹದಿಂದ ಅಕ್ಕನಿಗೆ ಆದ ಏಕೈಕ ಉಪಕಾರ ಅದು.

ಗೌಡರ ಜೊತೆ ಬಂದಿದ್ದ ಇಬ್ಬರು ರೇಗಿದರು. ನಾವು ಬೇಕೆಂದೇ ಆ ಹೊತ್ತಿಗೆ ಬಂದೆವು ಎಂದರು. ನಮ್ಮ ದಿನಗಳು ಮಳೆಗಾಲಕ್ಕೆ ಮೊದಲೇ ಗೊತ್ತಾಗಿದ್ದವು, ಅದನ್ನು ಸಂಘಕ್ಕೂ ಬರೆದುಕೊಟ್ಟಿದ್ದೆವು ಎಂದು ನಾನು ಹೇಳಿದೆ. ಗೌಡರು ಅದ್ಯಾವುದನ್ನೂ ಕೇಳಿಸಿಕೊಂಡಂತೆ ಕಾಣಲಿಲ್ಲ. ಅವರು ಡಾಕ್ಟರ ಕೈಯಲ್ಲಿದ್ದ ಸಣ್ಣ ಗಾಜಿನ ಕೊಳವೆಯನ್ನೇ ನೋಡುತ್ತಿದ್ದರು.

"ಇದ್ರಲ್ಲಿ ಹಳೇದೂ ಕಾಣತ್ತಾ?"

ಕಾಣುತ್ತದೆ ಎಂದರು ಡಾಕ್ಟರು.

"ಮನುಷ್ಯರದ್ರಲ್ಲಿ?"

ಮನುಷ್ಯರದರಲ್ಲೂ ಕಾಣುತ್ತದೆ ಎಂದರು. ಗೌಡರು ಅಂಗಿಯ ತೋಳು ಮಡಿಸಿದರು. ಹಿಂದೆ ನಾವು ಮನೆಮನೆಯವರ ರಕ್ತ ಕೇಳಿದಾಗ, ನಾನು ಗಟ್ಟಿಮುಟ್ಟಾಗಿದ್ದೇನೆ, ನನಗೆ ಯಾಕೆ ಎಂದು ಬಾಗಿಲಲ್ಲೇ ಕಳಿಸಿದ್ದವರು ಅವರು. ಈಗಲೂ ಯಾಕೆ ಒಪ್ಪಿದರೆಂದು ಹೇಳಲಿಲ್ಲ. ನಾನು ಊಹಿಸಿ ಬರೆಯುವುದಿಲ್ಲ. ಮನುಷ್ಯರ ರಕ್ತ ತೆಗೆಯುವ ನರ್ಸ್ ಬೇರೆ ದಿನ ಬರುತ್ತಾರೆ ಎಂದಾಗ, ಕಾಯುತ್ತೇನೆ ಎಂದರು. ನರ್ಸ್ ಬಂದ ದಿನ ಅವರು ತಾವು ಮಾತ್ರವಲ್ಲ, ಮನೆಯವರೆಲ್ಲರನ್ನೂ ಕೂರಿಸಿದರು.

ಫಲಿತಾಂಶ ಬರುವಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಆಳುಗಳು ಬಂದಿದ್ದರು. ಹಂದಿಗಳು ಇನ್ನೂ ಇದ್ದವು. ಹುಡುಗಿ ಮನೆಗೆ ಬಂದಿದ್ದಳು. ಎಡಗೈ ಹಿಡಿತಕ್ಕೆ ಬರುತ್ತಿರಲಿಲ್ಲ, ಮಾತು ನಿಧಾನ, ಆದರೆ ಅಜ್ಜನ ಗುರುತು ಸಿಗುತ್ತಿತ್ತು. ಡಾಕ್ಟರು ಗೌಡರನ್ನು ಒಳಗೆ ಕೂರಿಸಿ ಅವರಿಗೊಬ್ಬರಿಗೇ ಹೇಳಿದರು. ಅವರ ರಕ್ತದಲ್ಲೂ ಗುರುತು ಇತ್ತು. ಯಾವಾಗಲೋ, ಬಹುಶಃ ವರ್ಷಗಳ ಹಿಂದೆ, ಅದೇ ವೈರಸ್ ಅವರಿಗೂ ತಗಲಿ, ಒಂದು ಮೈಕೈ ನೋವಿನಷ್ಟೂ ಗಮನಕ್ಕೆ ಬಾರದೆ ಹೋಗಿ ಬಿಟ್ಟಿತ್ತು. ಇಂಥದ್ದನ್ನು ನಾವು ಇನ್ನೊಬ್ಬರಿಗೆ ಹೇಳುವಂತಿಲ್ಲ, ನೀವು ಹೇಳಬೇಕಾಗಿಯೂ ಇಲ್ಲ ಎಂದು ಡಾಕ್ಟರು ತಿಳಿಸಿದರು. ಇಲ್ಲಿ ಬರೆಯಲು ನನಗೆ ಒಪ್ಪಿಗೆ ಕೊಟ್ಟದ್ದು ಗೌಡರೇ.

ಅದನ್ನು ಕೇಳಿದ ಮೇಲೆ ಅವರು ನಮ್ಮ ಜೊತೆಯಲ್ಲೇ ಗದ್ದೆಯ ಬದುವಿನ ಮೇಲೆ ನಡೆದು ಅಕ್ಕನ ಮನೆಗೆ ಬಂದರು. ಅಕ್ಕ ಕಣದಲ್ಲಿ ಕಾಫಿ ಹರವುತ್ತಿದ್ದರು. ಗೌಡರು ಕಣದಂಚಿನಲ್ಲಿ ನಿಂತೇ, ನನ್ನ ರಕ್ತದಲ್ಲೂ ಇದೆಯಂತೆ ಎಂದರು. ಅಕ್ಕ ಹಣ್ಣು ಎಳೆಯುತ್ತಿದ್ದ ಹಲುಬೆ ನಿಲ್ಲಿಸಿದರು.

"ಹಂಗಾದ್ರೆ ಪಿಕಪ್ ಕರೆಸ್ಬೇಕಲ್ಲ ಭಾವ" ಎಂದರು.

ಗೌಡರು ನಗಲಿಲ್ಲ. ಅಕ್ಕನೂ ನಗಲಿಲ್ಲ. ಗೌಡರು ಗುಡ್ಡದ ಕಡೆ ನೋಡಿ, ಗೂಡು ಇಲ್ಲಿ ಬೇಡ, ಗದ್ದೆಯಿಂದ ದೂರ, ಮೇಲಿನ ಬೋಳುಗುಡ್ಡೆಗೆ ಒಯ್ಯಿ, ಆ ಜಾಗ ನನ್ನದು, ನಾನು ಬೇಡ ಎನ್ನುವುದಿಲ್ಲ ಎಂದರು. ಮಳೆಗಾಲದಲ್ಲಿ ಹೊಸ ಮರಿ ತಂದರೆ ಮಾತ್ರ ನಾನೇ ಬಂದು ಬಾಗಿಲು ತೆಗೆದು ಓಡಿಸುತ್ತೇನೆ ಎಂದೂ ಸೇರಿಸಿದರು. "ನೀವು ಹೇಳಿದ್ರಿ ಅಂತ ಅಲ್ಲ, ಡಾಕ್ಟ್ರಮ್ಮ ಹೇಳಿದ್ರು ಅಂತ ತರಲ್ಲ" ಎಂದರು ಅಕ್ಕ, ಮತ್ತೆ ಕಾಫಿ ಹರವತೊಡಗಿದರು. ಕ್ಷಮೆ ಯಾರೂ ಕೇಳಲಿಲ್ಲ. ಕೇಳಬೇಕಿತ್ತು ಎಂದು ಇಬ್ಬರಿಗೂ ಅನ್ನಿಸಿರಲಿಕ್ಕಿಲ್ಲ.

ಗೂಡು ಮೇಲಕ್ಕೆ ಹೋಯಿತು. ಕಾಫಿ ನರ್ಸರಿಗೆ ಕಟ್ಟುವ ಹಸಿರು ನೆರಳುಬಲೆಯನ್ನು ಅಕ್ಕ ಗೂಡಿನ ಸುತ್ತ ಎರಡು ಪದರ ಕಟ್ಟಿದ್ದಾರೆ. ಅದು ಸೊಳ್ಳೆಯನ್ನು ಎಷ್ಟು ತಡೆಯುತ್ತದೆ ಎಂದು ಹೇಳುವಷ್ಟು ಮಾಹಿತಿ ನಮ್ಮಲ್ಲಿ ಇನ್ನೂ ಇಲ್ಲ. ಸಭೆಯಲ್ಲಿ ಸಹಿ ಹಾಕಿದ ಕೆಲವು ಮನೆಗಳು ಅಕ್ಕನಿಂದ ಮಾಂಸ ತರುವುದನ್ನು ಬಿಟ್ಟಿವೆ, ಅಕ್ಕ ಅವರ ಮನೆಯ ಕಾರ್ಯಗಳಿಗೆ ಹೋಗುವುದನ್ನು ಬಿಟ್ಟಿದ್ದಾರೆ. ಬೇರೆ ಊರಿನವರು ಈಗಲೂ ತಿಂಗಳ ಮೊದಲೇ ಹೇಳಿಡುತ್ತಾರೆ. ಲಸಿಕೆಗಾಗಿ ಹುಡುಗಿಯ ತಾಯಿ ಆರೋಗ್ಯ ಕೇಂದ್ರಕ್ಕೆ, ಶಾಲೆಗೆ, ಮೂಡಿಗೆರೆಯ ಕಚೇರಿಗೆ ಅಲೆಯುತ್ತಿದ್ದಾರೆ. ಸಿಗುವವರೆಗೂ ಅಲೆಯುತ್ತೇನೆ ಎನ್ನುತ್ತಾರೆ. ಅವರು ಹಾಗೆಂದಾಗ ಎದುರಿಗಿದ್ದ ಅಧಿಕಾರಿ ಕುರ್ಚಿ ಕೊಟ್ಟದ್ದನ್ನು ನಾನೇ ನೋಡಿದ್ದೇನೆ.

ಅಧ್ಯಯನ ಮುಂದುವರಿದಿದೆ. ನಮಗೆ ಬರಬೇಡಿ ಎಂದಿದ್ದವರ ಮನೆಯ ಮುಂದಿನಿಂದಲೇ ಜೀಪು ಕೆಳಕ್ಕೆ ಇಳಿಯುತ್ತದೆ. ಆ ತೀರ್ಮಾನವನ್ನು ಸಂಘದವರು ಈವರೆಗೆ ಹಿಂಪಡೆದಿಲ್ಲ, ಹಿಂಪಡೆಯುವ ಮಾತನ್ನು ಗೌಡರೂ ಎತ್ತಿಲ್ಲ. ಕಾಗದದ ಪ್ರಕಾರ ಆ ಊರಿನಲ್ಲಿ ಈಗ ಹಂದಿ ಇಲ್ಲ. ಹೋದ ವಾರ ನಾವು ಬೋಳುಗುಡ್ಡೆಗೆ ಹತ್ತಿದಾಗ ಅಕ್ಕ ಕುಣಿಕೆ ಹಿಡಿದು ನಿಂತಿದ್ದರು, ತಡವಾಯಿತೆಂದು ನಮಗೆ ಬೈದರು, ಅದೇ ದೊಡ್ಡ ಹೆಣ್ಣು ಹಂದಿ ಗುಡ್ಡಕ್ಕೆಲ್ಲ ಕೇಳುವ ಹಾಗೆ ಕಿರುಚಿತು. ಹೊಟ್ಟೆಯಲ್ಲಿ ಮರಿಗಳಿದ್ದವು. ಡಾಕ್ಟರು ಕೈಯಿಟ್ಟು ನೋಡಿ, ಅಲುಗಾಡುತ್ತಿವೆ ಎಂದರು.